ಎರಡೇ ಶಾಲೆಗಳ ಜಿಲ್ಲೆಗೆ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಮೂರು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಒಂದು ಪುಟ್ಟ ಊರಿನಲ್ಲಿ ಬಾಡಿಗೆಗೆ ಇದ್ದೇವೆ. ಮಗಳಿಗೆ ಬರುವ ಆಗಸ್ಟ್‌ಗೆ ಕಿಂಡರ್‌ಗಾರ್ಟನ್. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಇರುವುದೇ ಎರಡು ಶಾಲೆ, ಏಳುನೂರರ ಆಸುಪಾಸು ಮಕ್ಕಳು. ಮನೆ ಮಾರುವ ಜಾಲತಾಣಗಳು ಈ ಶಾಲೆಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿವೆ. ಸ್ನೇಹಿತರು ಊರು ಬದಲಿಸಿ ಎನ್ನುತ್ತಾರೆ. ಹತ್ತಿರದ ಎಮರಿವಿಲ್‌ನ ಜಿಲ್ಲೆ ಹಿಂದೊಮ್ಮೆ ಮುಳುಗಿ ರಾಜ್ಯ ಸರ್ಕಾರವೇ ವಹಿಸಿಕೊಂಡಿತ್ತು ಎಂದೂ ಒಬ್ಬರು ಹೆದರಿಸಿದರು. ಇದರ ನಡುವೆ ಶಾಲೆಗಾಗಿ ಪಾರ್ಸೆಲ್ ತೆರಿಗೆ ಎಂಬುದು ನವೆಂಬರ್‌ನಲ್ಲಿ ಮತಕ್ಕೆ ಬರುತ್ತಿದೆ. ನಮಗೆ ಮತವಿಲ್ಲ, ವೀಸಾದ ಮೇಲೆ ಇರುವವರು. ಇಂಥ ಸಣ್ಣ ಜಿಲ್ಲೆಯನ್ನು ನಂಬಬಹುದೇ? ಹೇಗೆ ಅಳೆಯಬೇಕು?

ಉತ್ತರ: ಮೊದಲು ಆ ನಾಲ್ಕು ಅಂಕವನ್ನು ಪಕ್ಕಕ್ಕಿಡಿ, ಅದರ ವಿಷಯಕ್ಕೆ ಕಡೆಯಲ್ಲಿ ಬರುತ್ತೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ರಾಜ್ಯದ ಶಾಲಾ ಜಿಲ್ಲೆಗಳ ಲೆಕ್ಕಪತ್ರ ವಿಭಾಗಗಳಲ್ಲಿ ಕುಳಿತು ಎದ್ದವನು ನಾನು. ಯಾರಾದರೂ ಶಾಲೆ ಹೇಗಿದೆ ಎಂದು ಕೇಳಿದರೆ ನನ್ನ ಕೈ ಮೊದಲು ಹೋಗುವುದು ಬಜೆಟ್ ಕಡತಕ್ಕೆ. ವೃತ್ತಿಯ ಚಟ ಎನ್ನಿ. ಆದರೆ ಏಳುನೂರು ಮಕ್ಕಳ ಜಿಲ್ಲೆಯಲ್ಲಿ ಅದೇ ಸರಿಯಾದ ಕ್ರಮ ಎಂದು ಈಗಲೂ ವಾದಿಸುತ್ತೇನೆ: ದುಡ್ಡು ಮೊದಲು, ಜಿಲ್ಲೆ ನಡೆಸುವ ಚುನಾಯಿತ ಮಂಡಳಿ ಆಮೇಲೆ, ಅಂಕ ಕೊನೆಗೆ.

ಜಿಲ್ಲೆ ಎಂಬ ಪದವೇ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಹಾಸನದವರಾದ ನಿಮಗೆ ಜಿಲ್ಲೆ ಎಂದೊಡನೆ ಡಿಡಿಪಿಐ, ಬಿಇಒ ಕಚೇರಿಗಳು ನೆನಪಾಗುತ್ತವೆ. ಅಲ್ಲಿ ಮೇಷ್ಟ್ರು ರಾಜ್ಯ ಸರ್ಕಾರದ ನೌಕರ, ಸಂಬಳ ಖಜಾನೆಯಿಂದ ಬರುತ್ತದೆ, ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆಗುತ್ತದೆ. ಊರಿನ ಎಸ್‌ಡಿಎಂಸಿ ಎಚ್ಚರವಿದ್ದರೂ ನಿದ್ದೆ ಹೋದರೂ ಮೇಷ್ಟ್ರ ಸಂಬಳ ನಿಲ್ಲುವುದಿಲ್ಲ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಹಾಗಲ್ಲ, ಅದೊಂದು ಪುಟ್ಟ ಸರ್ಕಾರ. ಶಿಕ್ಷಕರನ್ನು ನೇಮಿಸುವುದು, ಸಂಘದ ಜೊತೆ ಸಂಬಳದ ಒಪ್ಪಂದ ಮಾಡಿಕೊಳ್ಳುವುದು, ಸಾಲ ಎತ್ತುವುದು, ಜನರ ಮುಂದೆ ತೆರಿಗೆಯ ಪ್ರಸ್ತಾವ ಇಡುವುದು, ಕೋರ್ಟಿಗೆ ಹೋಗುವುದು ಎಲ್ಲವೂ ಅದರದೇ. ಆದ್ದರಿಂದ ಅದು ಮುಳುಗಲೂಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂಥವು ಒಂಬೈನೂರಕ್ಕೂ ಹೆಚ್ಚು ಇವೆ. ಲಕ್ಷಗಟ್ಟಲೆ ಮಕ್ಕಳ ಲಾಸ್ ಏಂಜಲೀಸ್ ಜಿಲ್ಲೆಯೂ, ನೂರು ಮಕ್ಕಳೂ ಇಲ್ಲದ ಗುಡ್ಡಗಾಡಿನ ಜಿಲ್ಲೆಯೂ ಹೆಚ್ಚುಕಡಿಮೆ ಅದೇ ಕಾನೂನು, ಅದೇ ನಮೂನೆ, ಅದೇ ಗಡುವಿಗೆ ಒಳಪಟ್ಟಿವೆ. ಆನೆಗೂ ಆಡಿಗೂ ಒಂದೇ ಅಳತೆಯ ಹಗ್ಗ. ದೊಡ್ಡ ಜಿಲ್ಲೆಯಲ್ಲಿ ಐವತ್ತು ಜನ ಮಾಡುವ ಕೆಲಸವನ್ನು ನಿಮ್ಮ ಊರಿನಲ್ಲಿ ಮೂವರು ಮಾಡುತ್ತಿರುತ್ತಾರೆ, ಅವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿರುತ್ತಾರೆ.

ಎಮರಿವಿಲ್ ಕಥೆ ನಿಜ. ಹೆದರಿಸಿದವರು ಅರ್ಧ ಮಾತ್ರ ಹೇಳಿದ್ದಾರೆ. ಓಕ್ಲೆಂಡ್ ಮತ್ತು ಬರ್ಕ್ಲಿ ನಡುವೆ ಸಿಕ್ಕಿಕೊಂಡ, ಸುಮಾರು ಒಂದೂಕಾಲು ಚದರ ಮೈಲಿಯ ಊರು ಅದು. ಪಿಕ್ಸಾರ್ ಸ್ಟುಡಿಯೋ ಅಲ್ಲಿದೆ, ಐಕಿಯಾ ಮಳಿಗೆ ಅಲ್ಲಿದೆ. ಶಾಲಾ ಜಿಲ್ಲೆ, ಅಂದರೆ ಎಮರಿ ಯೂನಿಫೈಡ್, ನಿಮ್ಮ ಊರಿನಷ್ಟೇ ಸಣ್ಣದು. 2000ದ ಸುಮಾರಿಗೆ ಸೂಪರಿಂಟೆಂಡೆಂಟರು, ಅಂದರೆ ಜಿಲ್ಲೆಯ ಮುಖ್ಯಾಧಿಕಾರಿ, ಜಿಲ್ಲೆಯ ಕ್ರೆಡಿಟ್ ಕಾರ್ಡ್‌ನಲ್ಲಿ ಮಾಡಿದ ಖರ್ಚುಗಳು ಪತ್ರಿಕೆಗಳಲ್ಲಿ ಸುದ್ದಿಯಾದವು. ಲೆಕ್ಕ ಬಿಚ್ಚಿ ನೋಡಿದಾಗ ಸಮಸ್ಯೆ ಕಾರ್ಡ್‌ಗಿಂತ ಆಳದಲ್ಲಿತ್ತು, ಸಂಬಳ ಕೊಡಲು ಹಣ ಸಾಲುತ್ತಿರಲಿಲ್ಲ. 2001ರಲ್ಲಿ ರಾಜ್ಯ ತುರ್ತು ಸಾಲ ಕೊಟ್ಟು ಆಡಳಿತಾಧಿಕಾರಿಯನ್ನು ಕೂರಿಸಿತು. ಜನ ಆರಿಸಿದ ಮಂಡಳಿ ಬರೀ ಸಲಹೆ ಕೊಡುವ ಸ್ಥಾನಕ್ಕೆ ಇಳಿಯಿತು. ಎತ್ತಿದ ಸಾಲ 13 ಲಕ್ಷ ಡಾಲರ್. ಅದರ ಎರಡು ವರ್ಷದ ನಂತರ ಪಕ್ಕದ ಓಕ್ಲೆಂಡ್ ಇದೇ ಪಾಡಿಗೆ ಬಿದ್ದಾಗ ಅದಕ್ಕೆ ಮಂಜೂರಾದದ್ದು 10 ಕೋಟಿ ಡಾಲರ್. ಓಕ್ಲೆಂಡ್‌ನ ಲೆಕ್ಕದಲ್ಲಿ ಎಮರಿಯ ಸಾಲ ಚಿಲ್ಲರೆ ಕಾಸು. ಆದರೆ ಬೆರಳೆಣಿಕೆಯ ತರಗತಿಗಳಿರುವ ಜಿಲ್ಲೆಯನ್ನು ಮುಳುಗಿಸಲು ಅಷ್ಟು ಸಾಕಾಯಿತು. ಕೆಲವೇ ವರ್ಷಗಳಲ್ಲಿ ಅಧಿಕಾರ ಮತ್ತೆ ಸ್ಥಳೀಯ ಮಂಡಳಿಗೆ ಬಂತು. ಸಾಲ ಬಡ್ಡಿಸಮೇತ ತೀರಿದ್ದು 2011ರಲ್ಲಿ. ಸಾಲ ಮಾಡಿದಾಗ ಕಿಂಡರ್‌ಗಾರ್ಟನ್‌ನಲ್ಲಿದ್ದ ಮಗು ಅದು ತೀರುವ ಹೊತ್ತಿಗೆ ಹೈಸ್ಕೂಲಿನಲ್ಲಿತ್ತು. ಆ ಕಂತು ಕಟ್ಟಿದ್ದು ಅಂಥ ಮಕ್ಕಳ ತರಗತಿಗೆ ಹೋಗಬೇಕಿದ್ದ ದುಡ್ಡಿನಲ್ಲೇ.

ಹಾಗಾದರೆ ನಿಮ್ಮ ಜಿಲ್ಲೆಯೂ ಮುಳುಗಬಹುದೇ? ಅದನ್ನು ನೀವೇ ನೋಡಿ ಹೇಳಬಹುದು. ಸಣ್ಣ ಜಿಲ್ಲೆಯ ಒಂದು ದೊಡ್ಡ ಗುಣ ಅದು, ಇಡೀ ಬಜೆಟ್ ಒಬ್ಬ ತಾಯಿಯ ಒಂದು ಭಾನುವಾರಕ್ಕೆ ನಿಲುಕುತ್ತದೆ.

ಪ್ರತಿ ಜಿಲ್ಲೆಯೂ ಜುಲೈ 1ರೊಳಗೆ ಬಜೆಟ್ ಅಂಗೀಕರಿಸಬೇಕು. ಆಮೇಲೆ ವರ್ಷಕ್ಕೆ ಎರಡು ಬಾರಿ, ಅಕ್ಟೋಬರ್ 31 ಮತ್ತು ಜನವರಿ 31ರ ಸ್ಥಿತಿಯ ಮೇಲೆ, ಮಧ್ಯಂತರ ವರದಿ ಕೊಡಬೇಕು. 1991ರಲ್ಲಿ ಬಂದ ಕಾನೂನಿನ ಕಟ್ಟು ಇದು. ಕೊನೆಗೆ ಮೂರರಲ್ಲೊಂದು ಮುದ್ರೆ ಬೀಳುತ್ತದೆ. ಈ ವರ್ಷವೂ ಮುಂದಿನ ಎರಡು ವರ್ಷವೂ ಬಾಕಿ ತೀರಿಸಬಲ್ಲೆವು ಎಂದರೆ ಪಾಸಿಟಿವ್, ತೀರಿಸಲಾಗದೇ ಹೋಗಬಹುದು ಎಂದರೆ ಕ್ವಾಲಿಫೈಡ್, ಆಗುವುದೇ ಇಲ್ಲ ಎಂದರೆ ನೆಗೆಟಿವ್. ನಿಮ್ಮ ಕೌಂಟಿಯ (ಹಲವು ಊರುಗಳು ಸೇರಿದ ಆಡಳಿತ ವಿಭಾಗ) ಶಿಕ್ಷಣ ಕಚೇರಿ ಇದನ್ನು ಪರಿಶೀಲಿಸಿ ಪತ್ರ ಬರೆಯುತ್ತದೆ. ವರದಿಗಿಂತ ನನಗೆ ಆ ಪತ್ರವೇ ರುಚಿ. ಸಾಮಾನ್ಯವಾಗಿ ಎರಡು ಪುಟ, ಬಹಳ ಮರ್ಯಾದೆಯ ಭಾಷೆ. ‘ಜಿಲ್ಲೆಯ ನಿರಂತರ ಕೊರತೆ ವೆಚ್ಚವನ್ನು ಕಾಳಜಿಯಿಂದ ಗಮನಿಸಿದ್ದೇವೆ’ ಎಂಬಂಥ ವಾಕ್ಯ ಕಂಡರೆ ಅದನ್ನು ಮನೆಭಾಷೆಯಲ್ಲಿ ‘ಅಯ್ಯಾ, ಕೂಡಿಟ್ಟದ್ದನ್ನು ತಿನ್ನುತ್ತಿದ್ದೀಯೆ’ ಎಂದು ಓದಿಕೊಳ್ಳಿ.

ಆಮೇಲೆ ಮೀಸಲು ನಿಧಿ. 301ರಿಂದ 1,000 ಮಕ್ಕಳ ಹಾಜರಾತಿ ಇರುವ ಜಿಲ್ಲೆ ಒಟ್ಟು ಖರ್ಚಿನ ಶೇಕಡಾ 4ರಷ್ಟನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು ಎಂಬುದು ರಾಜ್ಯದ ಮಾನದಂಡ. ಶೇ 4 ಎಂದರೆ ಎಷ್ಟು? ವರ್ಷಕ್ಕೆ ಐವತ್ತೆರಡು ವಾರ, ಅದರಲ್ಲಿ ಎರಡು ವಾರದ ಖರ್ಚು. ಮನೆ ನಡೆಸುವವರು ಯಾರೂ ಎರಡು ವಾರದ ದಿನಸಿ ಇಟ್ಟುಕೊಂಡು ನಿಶ್ಚಿಂತರಾಗಿ ಮಲಗುವುದಿಲ್ಲ. ಇಷ್ಟು ಸಣ್ಣ ಜಿಲ್ಲೆಗೆ ಶೇ 4 ಬರೀ ನೆಲ. ಶೇ 15 ಇದ್ದರೆ ನಾನು ನೆಮ್ಮದಿಯಿಂದ ಪುಟ ತಿರುವುತ್ತೇನೆ.

ಯಾಕೆ ಅಷ್ಟು ಬೇಕು ಎಂಬುದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಇಲ್ಲಿ ರಾಜ್ಯದ ಅನುದಾನ ಬರುವುದು ಮಕ್ಕಳ ಸರಾಸರಿ ದಿನದ ಹಾಜರಾತಿಯ ಮೇಲೆ. ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಮಗು ಬಂದು ಕುಳಿತಿರಬೇಕು. ತಲೆಗೆ ಮೂಲ ಅನುದಾನ ತರಗತಿಯನ್ನು ಅವಲಂಬಿಸಿ ವರ್ಷಕ್ಕೆ ಸುಮಾರು 10ರಿಂದ 12 ಸಾವಿರ ಡಾಲರ್. ಬಾಡಿಗೆ ಏರಿತು, ಒಂದು ಬೇಸಿಗೆಯಲ್ಲಿ ಮೂವತ್ತು ಮಕ್ಕಳ ಕುಟುಂಬಗಳು ಊರು ಬಿಟ್ಟವು ಎಂದುಕೊಳ್ಳಿ. ಮೂರು ಲಕ್ಷ ಡಾಲರ್‌ಗೂ ಹೆಚ್ಚು ಹೋಯಿತು. ಈಗ ಖರ್ಚು ಎಲ್ಲಿ ಕಡಿಮೆ ಮಾಡುತ್ತೀರಿ? ಆ ಮೂವತ್ತು ಮಕ್ಕಳು ಒಂದೇ ತರಗತಿಯಿಂದ ಎದ್ದು ಹೋಗಿಲ್ಲ. ಟಿಕೆಯಿಂದ (ಕಿಂಡರ್‌ಗಾರ್ಟನ್‌ಗೆ ಹಿಂದಿನ ಒಂದು ವರ್ಷ) ಹನ್ನೆರಡನೆಯ ತರಗತಿಯವರೆಗೆ ಹದಿನಾಲ್ಕು ಹಂತಗಳಲ್ಲಿ ಇಲ್ಲಿ ಇಬ್ಬರು, ಅಲ್ಲಿ ಮೂವರು ಹೋಗಿದ್ದಾರೆ. ಇಪ್ಪತ್ತನಾಲ್ಕಿದ್ದ ತರಗತಿ ಇಪ್ಪತ್ತೆರಡಾಗಿದೆ. ಶಿಕ್ಷಕಿ ಬೇಕೇ ಬೇಕು, ದೀಪ ಉರಿಯಲೇಬೇಕು, ಬಸ್ ಓಡಲೇಬೇಕು. ಸಾವಿರಾರು ಮಕ್ಕಳ ಜಿಲ್ಲೆ ಒಂದೆರಡು ತರಗತಿಗಳನ್ನು ಕೂಡಿಸಿ ಸಂಭಾಳಿಸುತ್ತದೆ. ನಿಮ್ಮ ಊರಿನಲ್ಲಿ ಕೂಡಿಸಲು ಇನ್ನೊಂದು ತರಗತಿಯೇ ಇರುವುದಿಲ್ಲ. ಒಂದು ಸಮಾಧಾನವಿದೆ: ಈಗ ಈ ವರ್ಷದ, ಹಿಂದಿನ ವರ್ಷದ ಅಥವಾ ಹಿಂದಿನ ಮೂರು ವರ್ಷದ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಆ ಹಾಜರಾತಿಯ ಮೇಲೆ ಹಣ ಕೊಡುತ್ತಾರೆ. ಪೆಟ್ಟು ತಪ್ಪುವುದಿಲ್ಲ, ತಡವಾಗಿ ಬೀಳುತ್ತದೆ. ತಡವಾಗಿ ಬೀಳುವುದರಿಂದಲೇ ಕೆಲವು ಮಂಡಳಿಗಳು ಅದು ಬಿದ್ದೇ ಇಲ್ಲ ಎಂಬಂತೆ ವರ್ತಿಸುತ್ತವೆ.

ಇನ್ನೊಂದು ಕಡೆಯಿಂದ ಪಿಂಚಣಿ. ಶಿಕ್ಷಕರ ಸಂಬಳದ ಮೇಲೆ ಜಿಲ್ಲೆ ಪಿಂಚಣಿ ನಿಧಿಗೆ ಕಟ್ಟುವ ಪಾಲು 2013-14ರಲ್ಲಿ ಶೇ 8.25 ಇತ್ತು, ಈಗ ಶೇ 19.1. ಇದನ್ನು ನಿಮ್ಮ ಮಂಡಳಿ ನಿರ್ಧರಿಸುವುದಿಲ್ಲ. ಜೊತೆಗೆ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ: ಕಾನೂನಿನ ಪ್ರಕಾರ ಪ್ರತಿ ಮಗುವಿಗೂ ತಕ್ಕ ಶಿಕ್ಷಣ ಕೊಡಲೇಬೇಕು, ಅದು ಸರಿ ಕೂಡ. ಜಿಲ್ಲೆಯಲ್ಲಿ ಆ ವ್ಯವಸ್ಥೆ ಇಲ್ಲದೆ ಹೊರಗಿನ ವಿಶೇಷ ಶಾಲೆಗೆ ಕಳಿಸಿದರೆ ಒಂದು ಮಗುವಿನ ಖರ್ಚೇ ವರ್ಷಕ್ಕೆ ಲಕ್ಷ ಡಾಲರ್ ದಾಟುವುದು ಅಪರೂಪವಲ್ಲ. ಜುಲೈನಲ್ಲಿ ಬಜೆಟ್ ಮುಗಿಸಿ, ಸೆಪ್ಟೆಂಬರ್‌ನಲ್ಲಿ ಅಂಥ ಒಂದು ಕುಟುಂಬ ಊರಿಗೆ ಬಂದರೆ ಮೀಸಲು ನಿಧಿಯಲ್ಲಿ ಕಣ್ಣಿಗೆ ಕಾಣುವ ತೂತು ಬೀಳುತ್ತದೆ. ಇಂಥ ವಿಷಯ ಚರ್ಚೆಗೆ ಬಂದಾಗ ಸಭೆಯಲ್ಲಿ ಕುಳಿತ ಎಲ್ಲರಿಗೂ ಅದು ಯಾರ ಮಗು ಎಂದು ಗೊತ್ತಿರುತ್ತದೆ. ಅದು ಆ ತಾಯಿಗೆ ಎಷ್ಟು ಹಿಂಸೆ ಎಂಬುದನ್ನು ಒಂದೆರಡು ಬಾರಿ ನೋಡಿದ್ದೇನೆ. ಸಣ್ಣ ಊರಿನ ಆತ್ಮೀಯತೆಗೆ ಆ ಮುಖವೂ ಇದೆ.

‘ಇಷ್ಟೊಂದು ಕಂಪನಿಗಳಿವೆ, ಕೋಟಿಗಟ್ಟಲೆ ಬೆಲೆಯ ಮನೆಗಳಿವೆ, ಆದರೂ ಶಾಲೆಗೆ ದುಡ್ಡಿಲ್ಲವೇ’ ಎಂದು ನಿಮ್ಮ ಸ್ನೇಹಿತರು ಕೇಳಿಯೇ ಕೇಳಿರುತ್ತಾರೆ. ಇದಕ್ಕೆ ಉತ್ತರ ಒಂದು ಕೊಡದಲ್ಲಿದೆ. ಜಿಲ್ಲೆಗೆ ಇಂತಿಷ್ಟು ಎಂದು ರಾಜ್ಯ ಒಂದು ಕೊಡದ ಅಳತೆ ನಿಗದಿ ಮಾಡುತ್ತದೆ. ಮೊದಲು ಊರಿನ ಆಸ್ತಿ ತೆರಿಗೆಯನ್ನು ಅದಕ್ಕೆ ಸುರಿಯುತ್ತಾರೆ, ಉಳಿದ ಜಾಗವನ್ನು ರಾಜ್ಯ ತುಂಬುತ್ತದೆ. ಊರಿನಲ್ಲಿ ಹೊಸ ಗೋಪುರ ಎದ್ದು ಆಸ್ತಿ ತೆರಿಗೆ ಹೆಚ್ಚಿದರೆ ರಾಜ್ಯ ತನ್ನ ಪಾಲನ್ನು ಅಷ್ಟೇ ಕಡಿಮೆ ಮಾಡುತ್ತದೆ, ಕೊಡ ಇದ್ದಷ್ಟೇ ಇರುತ್ತದೆ. ಪಾಲೊ ಆಲ್ಟೊದಂಥ ಕೆಲವು ಊರುಗಳಲ್ಲಿ ಮಾತ್ರ ಆಸ್ತಿ ತೆರಿಗೆಯೇ ಕೊಡ ತುಂಬಿ ಹೊರಚೆಲ್ಲುತ್ತದೆ, ಚೆಲ್ಲಿದ್ದೂ ಅವರಿಗೇ. ಎಮರಿವಿಲ್‌ನಲ್ಲಿ ಇನ್ನೊಂದು ತಿರುವಿತ್ತು. ಹಳೆಯ ಕಾರ್ಖಾನೆ ಜಾಗವನ್ನು ಪುನರಭಿವೃದ್ಧಿ ವಲಯ ಮಾಡಿ, ತೆರಿಗೆಯ ಹೆಚ್ಚಳವನ್ನು ದಶಕಗಳ ಕಾಲ ನಗರದ ಪುನರಭಿವೃದ್ಧಿ ಸಂಸ್ಥೆಯೇ ಬಳಸುತ್ತಿತ್ತು. ರಾಜ್ಯ ಇಂಥ ಸಂಸ್ಥೆಗಳನ್ನೆಲ್ಲ ಮುಚ್ಚಿದ್ದು 2012ರಲ್ಲಿ. ಆಸ್ತಿ ತೆರಿಗೆಯ ದರಕ್ಕೂ 1978ರ ಜನಮತದಲ್ಲಿ ಬೀಗ ಬಿದ್ದಿದೆ: ಕೊಂಡ ಬೆಲೆಯ ಶೇ 1, ವರ್ಷಕ್ಕೆ ಹೆಚ್ಚೆಂದರೆ ಶೇ 2ರ ಏರಿಕೆ. ನೀವು ಇವತ್ತು ಮನೆ ಕೊಂಡರೆ, ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯ ಅಜ್ಜನ ಹಲವು ಪಟ್ಟು ತೆರಿಗೆ ಕಟ್ಟುತ್ತೀರಿ. ಇಬ್ಬರ ಮನೆಯೂ ಒಂದೇ ಅಳತೆಯದು.

ಹೀಗೆ ಕೈ ಕಟ್ಟಿಹಾಕಿದ ಮೇಲೆ ಜಿಲ್ಲೆಗೆ ಉಳಿದಿರುವ ಸ್ವಂತ ಕಿಟಕಿ ಪಾರ್ಸೆಲ್ ತೆರಿಗೆ. ಆಸ್ತಿಯ ಬೆಲೆಯ ಮೇಲಲ್ಲ, ಒಂದೊಂದು ನಿವೇಶನದ ಮೇಲೆ ಇಂತಿಷ್ಟು. ಮಂಡಳಿ ಮತಕ್ಕಿಟ್ಟರೆ ಮೂರನೇ ಎರಡರಷ್ಟು ಮತ ಬೀಳಬೇಕು. ಸುತ್ತಲೂ ಓಕ್ಲೆಂಡ್ ಇರುವ ಪೀಡ್‌ಮಾಂಟ್ ಎಂಬ ಶ್ರೀಮಂತ ಪುಟ್ಟ ಊರಿನ ಮನೆಯವರು ವರ್ಷಕ್ಕೆ ಎರಡು ಸಾವಿರ ಡಾಲರ್‌ಗೂ ಮಿಗಿಲಾಗಿ ಶಾಲೆಗೆಂದೇ ಕೊಡುತ್ತಾರೆ. ಅಲ್ಲಿಂದ ಎಮರಿವಿಲ್‌ಗೆ ಕಾರಿನಲ್ಲಿ ಹತ್ತು ನಿಮಿಷ. ನಿಮ್ಮ ಊರಿನ ಪ್ರಸ್ತಾವವನ್ನು ಓದುವಾಗ ಮೂರು ವಿಷಯ ನೋಡಿ: ಎಷ್ಟು ವರ್ಷಕ್ಕೆ ಮುಗಿಯುತ್ತದೆ, ಹಿರಿಯ ನಾಗರಿಕರಿಗೆ ವಿನಾಯಿತಿ ಇದೆಯೇ, ಹಣ ಯಾವುದಕ್ಕೆ ಎಂದು ಬರೆದಿದ್ದಾರೆಯೇ. ಗ್ರಂಥಪಾಲಕಿ, ಸಂಗೀತ, ಆಪ್ತಸಮಾಲೋಚಕರು ಎಂದು ಹೆಸರಿಸಿದ್ದರೆ ನಾನು ಪರ. ‘ಗುಣಮಟ್ಟ ಉಳಿಸಲು’ ಎಂದಷ್ಟೇ ಇದ್ದರೆ, ಈಗಾಗಲೇ ಒಪ್ಪಿಕೊಂಡ ಸಂಬಳಕ್ಕೆ ದುಡ್ಡು ಹುಡುಕುತ್ತಿದ್ದಾರೆ ಎಂಬುದು ನನ್ನ ಗುಮಾನಿ.

ಬಾಂಡ್, ಅಂದರೆ ಮತದಾರರ ಒಪ್ಪಿಗೆ ಪಡೆದು ಎತ್ತುವ ಸಾಲ, ಇದರಿಂದ ಬೇರೆ. ಅದು ಕಟ್ಟಡಕ್ಕೆ, ಶೇ 55 ಮತ ಸಾಕು, ಅದರಿಂದ ಒಬ್ಬ ಶಿಕ್ಷಕಿಗೂ ಸಂಬಳ ಕೊಡುವಂತಿಲ್ಲ. ಎಮರಿವಿಲ್ ಮತದಾರರು 2010ರಲ್ಲಿ 9.5 ಕೋಟಿ ಡಾಲರ್‌ಗಳ ಬಾಂಡ್ ಒಪ್ಪಿದರು. ನಗರಸಭೆಯೂ ಶಾಲೆಯೂ ಸೇರಿ ಬಳಸುವ ಹೊಸ ಆವರಣ 2016ರಲ್ಲಿ ತೆರೆಯಿತು. ಹೊಳೆಯುವ ಕಟ್ಟಡದೊಳಗೆ ಶಿಕ್ಷಕರು ಸಂಬಳ ಸಾಲದೆಂದು ಫಲಕ ಹಿಡಿದು ನಿಂತರೆ ಹೊಸಬರಿಗೆ ಗೊಂದಲವಾಗುತ್ತದೆ. ಚೀಲ ಎರಡು, ಒಂದರಿಂದ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ.

ಇನ್ನು ಮಂಡಳಿ. ಸಾಮಾನ್ಯವಾಗಿ ಐದು ಜನ, ನಾಲ್ಕು ವರ್ಷದ ಅವಧಿ, ಊರಿನವರೇ. ಸಾವಿರದೊಳಗಿನ ಹಾಜರಾತಿಯ ಜಿಲ್ಲೆಯಲ್ಲಿ ಸದಸ್ಯರ ಗೌರವಧನಕ್ಕೆ ದಶಕಗಳ ಕಾಲ ತಿಂಗಳಿಗೆ 120 ಡಾಲರ್ ಮಿತಿ ಇತ್ತು, ಮಕ್ಕಳನ್ನು ನೋಡಿಕೊಳ್ಳಲು ಆಳಿಗೆ ಕೊಟ್ಟರೆ ಎರಡು ಸಭೆಗೆ ಮುಗಿಯಿತು. ಆದ್ದರಿಂದ ಚುನಾವಣೆಗೆ ನಿಲ್ಲುವವರೇ ಸಿಗುವುದಿಲ್ಲ, ಎಷ್ಟೋ ಊರುಗಳಲ್ಲಿ ಎದುರಾಳಿಯಿಲ್ಲದೆ ಆಯ್ಕೆಯಾಗುತ್ತಾರೆ. ಒಳ್ಳೆಯ ಮನಸ್ಸಿನವರೇ, ಆದರೆ ನಗದು ಹರಿವಿನ ತಃಖ್ತೆ ಓದಿ ಅಭ್ಯಾಸವಿರುವುದಿಲ್ಲ. ಸೂಪರಿಂಟೆಂಡೆಂಟರು ಹೇಳಿದ್ದನ್ನು ನಂಬುತ್ತಾರೆ. ಸೂಪರಿಂಟೆಂಡೆಂಟರು ಒಳ್ಳೆಯವರಾದರೆ ಅದು ವರ, ಇಲ್ಲವಾದರೆ ಎಮರಿಯಲ್ಲಿ ಆದದ್ದು ಆಗುತ್ತದೆ.

ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮುಂಚೆ ಪ್ರಕಟಿಸಬೇಕು ಎಂಬುದು ಕಾನೂನು. ಅದನ್ನು ತೆರೆದರೆ ಮೇಲೆ ದೊಡ್ಡ ದೊಡ್ಡ ವಿಷಯಗಳಿರುತ್ತವೆ: ದೂರದೃಷ್ಟಿ, ಸಮಾನತೆ, ವಿದ್ಯಾರ್ಥಿಗಳಿಗೆ ಸನ್ಮಾನ. ಅವನ್ನು ದಾಟಿ ‘ಕನ್ಸೆಂಟ್’ ಎಂಬ ಪಟ್ಟಿಗೆ ಇಳಿಯಿರಿ. ಚರ್ಚೆಯಿಲ್ಲದೆ ಒಂದೇ ಕೈ ಎತ್ತಿ ಒಪ್ಪುವ ವಿಷಯಗಳು ಅಲ್ಲಿರುತ್ತವೆ, ತಿಂಗಳ ಚೆಕ್‌ಗಳ ಪಟ್ಟಿಯೂ ಅದರಲ್ಲೇ ಇರುತ್ತದೆ. ಕೈ ಒರೆಸುವ ಕಾಗದ, ಹಾಲು, ಬದಲಿ ಶಿಕ್ಷಕರನ್ನು ಒದಗಿಸುವ ಏಜೆನ್ಸಿ, ವಕೀಲರು. ನಾನು ಕೆಲಸ ಮಾಡಿದ ಒಂದು ಜಿಲ್ಲೆಯಲ್ಲಿ ವಕೀಲರ ಬಿಲ್ಲು ನಾಲ್ಕೇ ತಿಂಗಳಲ್ಲಿ ಮೂರು ಪಟ್ಟಾಯಿತು. ಪಟ್ಟಿ ಮಾಡಿದ್ದೇ ನಾನು, ಬಾಯಿ ಬಿಡಲಿಲ್ಲ. ಮೇಲಿನವರು ಕೇಳಲಿಲ್ಲ, ಹೇಳುವುದು ನನ್ನ ಸ್ಥಾನವಲ್ಲ ಎಂದುಕೊಂಡೆ. ಮಂಡಳಿಯ ಐವರಲ್ಲೂ ಯಾರೂ ಕೇಳಲಿಲ್ಲ. ಕೊನೆಗೆ ಕೇಳಿದ್ದು ಸಾರ್ವಜನಿಕರಿಗೆ ಮಾತಾಡಲು ಕೊಡುವ ಮೂರು ನಿಮಿಷದಲ್ಲಿ ಎದ್ದು ನಿಂತ ಒಬ್ಬ ಅಜ್ಜಿ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದುವ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು. ‘ಇದೇನು, ನಾವು ಯಾರ ಮೇಲೆ ದಾವೆ ಹೂಡಿದ್ದೇವೆ?’ ಎಂದರು. ಕೋಣೆ ಸ್ತಬ್ಧವಾಯಿತು. ಉದ್ಯೋಗಿಗಳ ಜೊತೆಗಿನ ಒಂದು ಜಗಳ ಒಳಗೊಳಗೇ ಬೆಳೆದಿತ್ತು. ಮುಂದಿನ ತಿಂಗಳಿನಿಂದ ಆ ಬಿಲ್ಲು ಪ್ರತ್ಯೇಕ ವಿಷಯವಾಗಿ ಬರತೊಡಗಿತು. ಆ ಸಂಜೆಯ ನನ್ನ ಮೌನ ಇವತ್ತಿಗೂ ಚುಚ್ಚುತ್ತದೆ.

ನಿಮಗೆ ಮತವಿಲ್ಲ ಎಂದಿರಿ. ಸ್ಯಾನ್ ಫ್ರಾನ್ಸಿಸ್ಕೋ 2016ರಲ್ಲಿ ಪೌರತ್ವವಿಲ್ಲದ ಪೋಷಕರಿಗೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ಕೊಟ್ಟಿತು, ನಿಮ್ಮಲ್ಲಿ ಅದಿಲ್ಲದಿರಬಹುದು. ಆದರೆ ಆ ಅಜ್ಜಿಗೆ ಬೇಕಾದದ್ದು ಮತವಾಗಿರಲಿಲ್ಲ. ಸಭೆಗೆ ಹೋಗಲು, ಮಾತಾಡಲು, ದಾಖಲೆ ಕೇಳಲು ಯಾರೂ ನಿಮ್ಮ ವೀಸಾ ನೋಡುವುದಿಲ್ಲ. ಶಾಲೆಯ ಸೈಟ್ ಕೌನ್ಸಿಲ್‌ಗೆ, ಅಂದರೆ ಶಿಕ್ಷಕರೂ ಪೋಷಕರೂ ಇರುವ ಶಾಲಾ ಸಮಿತಿಗೆ, ಪೋಷಕರೇ ಪೋಷಕರನ್ನು ಆರಿಸುತ್ತಾರೆ, ಅಲ್ಲಿ ನೀವು ನಿಲ್ಲಬಹುದು. ಏಳುನೂರು ಮಕ್ಕಳ ಊರಿನಲ್ಲಿ ಎರಡು ಸಭೆಗೆ ಬಂದ ಪೋಷಕಿಯ ಹೆಸರು ಮೂರನೆಯ ಸಭೆಗೆ ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮವರಿಗೇ ಸಂಬಂಧಪಟ್ಟ ಎರಡು ಸಂಗತಿ ಇವೆ, ಯಾರೂ ಹೇಳುವುದಿಲ್ಲ. ದಾಖಲಾತಿಯ ಹೊತ್ತಿಗೆ ಮನೆಭಾಷೆಯ ಪ್ರಶ್ನಾವಳಿ ಕೊಡುತ್ತಾರೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ. ಎಷ್ಟೋ ಕನ್ನಡದ ಪೋಷಕರು ಮಗಳನ್ನು ‘ಇಂಗ್ಲಿಷ್ ಬಾರದವಳು’ ಎಂದು ಗುರುತಿಸಿಬಿಡುತ್ತಾರೆ ಎಂದು ಹೆದರಿ ಎಲ್ಲ ಸಾಲಿನಲ್ಲೂ ಇಂಗ್ಲಿಷ್ ಎಂದು ಬರೆಯುತ್ತಾರೆ. ಕನ್ನಡ ಎಂದು ಬರೆದರೆ ಆಗುವುದಿಷ್ಟು: ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಇಂಗ್ಲಿಷ್ ಕಲಿಯುವವಳು ಎಂದು ದಾಖಲಾಗಿ ಹೆಚ್ಚುವರಿ ಪಾಠ ಸಿಗುತ್ತದೆ, ಮುಂದೆ ಮರುವಿಂಗಡಣೆಯಾಗಿ ಆ ಪಟ್ಟಿಯಿಂದ ಹೊರಬರುತ್ತಾಳೆ. ಅಂಥ ಪ್ರತಿ ಮಗುವಿಗೆ ಜಿಲ್ಲೆಗೆ ಮೂಲ ಅನುದಾನದ ಮೇಲೆ ಶೇ 20ರಷ್ಟು ಹೆಚ್ಚು ಹಣ ಬರುತ್ತದೆ. ನಿಜ ಬರೆಯಿರಿ.

ಎರಡನೆಯದು ಡಿಸೆಂಬರ್‌ನ ಊರಿನ ಪ್ರವಾಸ. ರಜೆಗೆ ಆಚೀಚೆ ಸೇರಿಸಿ ಇಪ್ಪತ್ತು ಶಾಲಾ ದಿನ ತಪ್ಪಿಸಿದಿರಿ ಎನ್ನಿ. ವರ್ಷಕ್ಕೆ 180 ದಿನ, ಅದರ ಶೇ 10 ದಾಟಿದರೆ ಮಗು ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರುತ್ತಾಳೆ, ಜಿಲ್ಲೆ ಸುಮಾರು ಸಾವಿರದ ಇನ್ನೂರು ಡಾಲರ್‌ನಷ್ಟು ಹಾಜರಾತಿಯ ಹಣ ಕಳೆದುಕೊಳ್ಳುತ್ತದೆ. ಹೋಗಬೇಡಿ ಎನ್ನುತ್ತಿಲ್ಲ, ಅಜ್ಜಿ ಮನೆ ಬಿಡುವುದುಂಟೇ. ಟಿಕೆಟ್ ಕೊಂಡ ದಿನವೇ ಶಾಲೆಗೆ ತಿಳಿಸಿ, ಸ್ವತಂತ್ರ ಅಧ್ಯಯನದ ಒಪ್ಪಂದ ಮಾಡಿಕೊಡುತ್ತೀರಾ ಎಂದು ಕೇಳಿ. ಶಿಕ್ಷಕಿ ಕೊಟ್ಟ ಕೆಲಸವನ್ನು ಮಗಳು ಹಾಸನದಲ್ಲಿ ಕುಳಿತು ಮಾಡಿ ತಂದರೆ ಹಾಜರಾತಿ ಉಳಿಯುತ್ತದೆ.

ಈಗ ಆ ನಾಲ್ಕು ಅಂಕ. ಊರಿನಲ್ಲಿ ‘ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 100’ ಎಂಬ ಬ್ಯಾನರ್ ನೋಡಿ ಒಳಗೆ ಹೋದರೆ ಪರೀಕ್ಷೆಗೆ ಕುಳಿತವರು ಹನ್ನೆರಡು ಮಕ್ಕಳು ಎಂದು ತಿಳಿಯುವುದು ನಿಮಗೂ ಗೊತ್ತು. ಇಲ್ಲಿಯೂ ಅದೇ. ರಾಜ್ಯದ ಪರೀಕ್ಷೆ ಮೂರರಿಂದ ಎಂಟನೆಯ ತರಗತಿಗೆ ಮತ್ತು ಹನ್ನೊಂದಕ್ಕೆ. ನಾಲ್ಕನೆಯ ತರಗತಿಯಲ್ಲಿ 48 ಮಕ್ಕಳಿದ್ದು, ಒಂದು ವರ್ಷ 22 ಮಕ್ಕಳು ನಿಗದಿತ ಮಟ್ಟ ಮುಟ್ಟಿದರೆ ಶೇ 46. ಮರುವರ್ಷ 26 ಮಕ್ಕಳಾದರೆ ಶೇ 54. ಎಂಟು ಅಂಕದ ನೆಗೆತ ಎಂದು ಸುದ್ದಿಪತ್ರದಲ್ಲಿ ಬರುತ್ತದೆ, ಆದದ್ದು ನಾಲ್ಕು ಮಕ್ಕಳ ವ್ಯತ್ಯಾಸ, ಅದೂ ಬೇರೆ ಬ್ಯಾಚ್. ಗುಂಪಿನಲ್ಲಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕ ಪ್ರಕಟಿಸುವುದೇ ಇಲ್ಲ, ಯಾರದೆಂದು ಗೊತ್ತಾಗಿಬಿಡುತ್ತದೆ ಎಂದು. ಮೇಲಾಗಿ ಆ ಜಾಲತಾಣದ ಅಂಕಗಳಲ್ಲಿ ಅರ್ಧಕ್ಕರ್ಧ ಅಳೆಯುವುದು ಅಪ್ಪ ಅಮ್ಮಂದಿರ ಆದಾಯವನ್ನು. ಮಕ್ಕಳು ಎಲ್ಲಿದ್ದಾರೆ ಎಂಬುದು ಒಂದು, ಶಾಲೆ ಅವರನ್ನು ಎಷ್ಟು ದೂರ ನಡೆಸಿತು ಎಂಬುದು ಇನ್ನೊಂದು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ದೇಶದ ಜಿಲ್ಲೆಗಳನ್ನೆಲ್ಲ ಹೀಗೆ ಅಳೆದಾಗ, ಅಂಕದಲ್ಲಿ ಬಹಳ ಕೆಳಗಿದ್ದ ಶಿಕಾಗೋದ ಮಕ್ಕಳು ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿಯುತ್ತಿದ್ದದ್ದು ಕಂಡುಬಂತು. ಆದ್ದರಿಂದ ಒಂದೇ ಬ್ಯಾಚ್ ಹಿಡಿದು ನೋಡಿ: ಮೂರನೆಯಲ್ಲಿ ಎಲ್ಲಿದ್ದರು, ಐದಕ್ಕೆ ಎಲ್ಲಿಗೆ ಬಂದರು. ಮೇಲೆ ಹೋಗುತ್ತಿದ್ದರೆ ನಾಲ್ಕು ಅಂಕ ನನ್ನನ್ನು ಹೆದರಿಸುವುದಿಲ್ಲ. ಕೆಳಗೆ ಜಾರುತ್ತಿದ್ದರೆ ಒಂಬತ್ತು ಅಂಕವಿದ್ದರೂ ಹೆದರುತ್ತೇನೆ.

ಇಷ್ಟು ಮಾತಿಗೂ ಮಿಗಿಲಾದದ್ದು, ಹೋಗಿ ಒಂದು ಬೆಳಗ್ಗೆ ಕಿಂಡರ್‌ಗಾರ್ಟನ್ ತರಗತಿಯಲ್ಲಿ ಕುಳಿತು ಬನ್ನಿ, ಬಿಡುತ್ತಾರೆ. ಶಿಕ್ಷಕಿ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಐದು ವರ್ಷದಲ್ಲಿ ಎಷ್ಟು ಸೂಪರಿಂಟೆಂಡೆಂಟರು ಬದಲಾದರು ಎಂದೂ ಕೇಳಿ. ಮೂರು ಎಂದರೆ ನಾನು ಮನೆ ಕೊಳ್ಳುವುದನ್ನು ಮುಂದೂಡುತ್ತೇನೆ, ಮಗುವನ್ನು ಸೇರಿಸುವುದನ್ನಲ್ಲ. ಕಿಂಡರ್‌ಗಾರ್ಟನ್‌ಗೆ ಬೇಕಾದದ್ದು ಒಬ್ಬ ಒಳ್ಳೆಯ ಶಿಕ್ಷಕಿ, ಮೂವತ್ತು ವರ್ಷದ ಗೃಹಸಾಲಕ್ಕೆ ಬೇಕಾದದ್ದು ಒಳ್ಳೆಯ ಮಂಡಳಿ. ಬಾಡಿಗೆಯಲ್ಲಿರುವ ನಿಮಗೆ ಆ ಎರಡನ್ನೂ ಒಂದೇ ದಿನ ನಿರ್ಧರಿಸುವ ಅಗತ್ಯವಿಲ್ಲ.

ಎರಡನೆಯ ಮಧ್ಯಂತರ ವರದಿ ಮಾರ್ಚ್ ನಡುಭಾಗದಲ್ಲಿ ಮಂಡಳಿಯ ಮುಂದೆ ಬರುತ್ತದೆ. ಶಿಕ್ಷಕರಿಗೆ ಮುಂದಿನ ವರ್ಷ ಕೆಲಸವಿರದು ಎಂಬ ನೋಟಿಸ್ ಕೊಡಲು ಕೊನೆಯ ದಿನವೂ ಮಾರ್ಚ್ 15. ಆ ಸಭೆಗೆ ಹೋಗಿ, ಕೌಂಟಿಯ ಪತ್ರವನ್ನೂ ವರದಿಯ ಕೊನೆಯ ಪುಟವನ್ನೂ ತೆಗೆದು ನನಗೆ ಕಳಿಸಿ, ಇಬ್ಬರೂ ಕೂಡಿ ಓದೋಣ.